ಹಡಗಿಗಿಂತ ಮೊದಲು ಸುದ್ದಿ ತಲುಪಬೇಕು

2023ರ ಡಿಸೆಂಬರ್ 23ರಂದು ಗುಜರಾತ್ ಕರಾವಳಿಯಿಂದ ಸುಮಾರು ಇನ್ನೂರು ನಾಟಿಕಲ್ ಮೈಲು ದೂರದ ಅರಬ್ಬಿ ಸಮುದ್ರದಲ್ಲಿ ‘ಕೆಮ್ ಪ್ಲೂಟೊ’ ಎಂಬ ಹಡಗಿನ ಮೇಲೆ ಡ್ರೋನ್ ಒಂದು ಬಂದು ಅಪ್ಪಳಿಸಿತು. ಹೊತ್ತಿಕೊಂಡ ಬೆಂಕಿಯನ್ನು ಸಿಬ್ಬಂದಿಯೇ ನಂದಿಸಿದರು. ಅದೃಷ್ಟವಶಾತ್ ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಸೌದಿ ಅರೇಬಿಯಾದ ಜುಬೈಲ್‌ನಲ್ಲಿ ಕಚ್ಚಾ ತೈಲ ತುಂಬಿಕೊಂಡಿದ್ದ ಆ ಹಡಗು ಹೊರಟಿದ್ದುದು ನಮ್ಮ ನವಮಂಗಳೂರು ಬಂದರಿಗೆ. ಅದು ಹಾರಿಸಿದ್ದ ಧ್ವಜ ಲೈಬೀರಿಯಾದ್ದು, ಒಡೆತನ ಜಪಾನಿನದು, ನಿರ್ವಹಣೆ ನೆದರ್ಲೆಂಡ್ಸ್‌ನದು. ಒಳಗಿದ್ದ 22 ನಾವಿಕರಲ್ಲಿ 21 ಮಂದಿ ಭಾರತೀಯರು, ಒಬ್ಬ ವಿಯೆಟ್ನಾಮಿನವನು. ಇಂಥ ಹಡಗನ್ನು ಕಾಯುವ ಹೊಣೆ ಯಾವ ದೇಶದ್ದು?

ಕಾನೂನಿನ ಪುಸ್ತಕ ತೆರೆದರೆ, ಮುಕ್ತ ಸಾಗರದಲ್ಲಿ ಹಡಗಿನ ಮೇಲಿನ ಅಧಿಕಾರ ಅದು ಹೊತ್ತ ಧ್ವಜದ ದೇಶಕ್ಕೆ ಸೇರಿದ್ದು. ಆದರೆ ಲೈಬೀರಿಯಾದ ಯುದ್ಧನೌಕೆ ಅರಬ್ಬಿ ಸಮುದ್ರಕ್ಕೆ ಬಂದು ಕಾವಲು ನಿಲ್ಲುವುದು ಸಾಧ್ಯವಿಲ್ಲದ ಮಾತು. ಅಂದು ನೆರವಿಗೆ ಧಾವಿಸಿದ್ದು ಭಾರತದ ಕರಾವಳಿ ಕಾವಲು ಪಡೆಯ ‘ವಿಕ್ರಮ್’. ಅದೇ ಆ ಹಡಗನ್ನು ಮುಂಬೈವರೆಗೆ ಜೊತೆಗೂಡಿ ಕರೆತಂದಿತು. ತೈಲ ಒಬ್ಬರದು, ಹಡಗು ಇನ್ನೊಬ್ಬರದು, ದುಡಿಯುವ ಕೈ ಮತ್ತೊಬ್ಬರದು ಎಂಬಂತಿರುವ ಕಡಲ ವ್ಯಾಪಾರ ಹುಟ್ಟಿನಿಂದಲೇ ಬಹುರಾಷ್ಟ್ರೀಯವಾದದ್ದು. ಅದರ ಕಾವಲು ಮಾತ್ರ ಏಕರಾಷ್ಟ್ರೀಯವಾಗಿರಲಿ ಎಂದರೆ ನಡೆಯುವುದಿಲ್ಲ. ಗಾತ್ರದ ಲೆಕ್ಕದಲ್ಲಿ ತನ್ನ ವಿದೇಶ ವ್ಯಾಪಾರದ ಶೇ 95ರಷ್ಟನ್ನು ಸಮುದ್ರದ ಮೂಲಕವೇ ನಡೆಸುವ ಭಾರತಕ್ಕಂತೂ ಇದು ಪುಸ್ತಕದ ಚರ್ಚೆಯಲ್ಲ, ದಿನನಿತ್ಯದ ಬದುಕಿನ ಪ್ರಶ್ನೆ.

ಇಷ್ಟು ಮಹತ್ವದ ವಿಷಯ ನಮ್ಮ ಸಾರ್ವಜನಿಕ ಚರ್ಚೆಗೆ ಬರುವುದು ವರ್ಷಕ್ಕೊಮ್ಮೆ, ಅದೂ ಬಹುರಾಷ್ಟ್ರೀಯ ನೌಕಾ ಸಮರಾಭ್ಯಾಸದ ಚಿತ್ರವೊಂದು ಪತ್ರಿಕೆಗಳಲ್ಲಿ ಪ್ರಕಟವಾದಾಗ. ವಿಮಾನವಾಹಕ ನೌಕೆಯ ಸುತ್ತ ಹಲವು ದೇಶಗಳ ಹಡಗುಗಳು ಸಾಲುಗಟ್ಟಿ ಸಾಗುವ ಆ ಚಿತ್ರ ನೋಡಿ ಕೆಲವರು ಹೆಮ್ಮೆಪಡುತ್ತಾರೆ, ಕೆಲವರು ಆತಂಕಗೊಳ್ಳುತ್ತಾರೆ. ಚೀನಾಕ್ಕೆ ಸಿಟ್ಟು ಬಂದಿತೇ, ಅಮೆರಿಕಕ್ಕೆ ನಾವು ತೀರಾ ಹತ್ತಿರವಾದೆವೇ ಎಂಬ ಎರಡು ಪ್ರಶ್ನೆಗಳಿಗೇ ಚರ್ಚೆ ಮುಗಿದುಹೋಗುತ್ತದೆ. ಈ ಪ್ರಶ್ನೆಗಳು ಅನಗತ್ಯವೆಂದು ನಾನು ಹೇಳಲಾರೆ. ಆದರೆ ಸಮರಾಭ್ಯಾಸದ ಬೆಲೆ ಗೊತ್ತಾಗುವುದು ಆ ಚಿತ್ರದಲ್ಲಿ ಅಲ್ಲ. ಆಪತ್ತಿನ ಗಳಿಗೆಯಲ್ಲಿ ಸರಿಯಾದ ಸುದ್ದಿ ಸರಿಯಾದ ಹಡಗಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿತೇ ಎಂಬುದರಲ್ಲಿ. ಕಳೆದ ಎರಡು ದಶಕಗಳ ನಮ್ಮದೇ ಅನುಭವ ಇದನ್ನು ಮತ್ತೆ ಮತ್ತೆ ಹೇಳುತ್ತಿದೆ.

ಮೊದಲು ರಾಜಕೀಯದ ಹಿನ್ನೆಲೆ. ‘ಮಲಬಾರ್’ ಅಭ್ಯಾಸ 1992ರಲ್ಲಿ ಭಾರತ ಮತ್ತು ಅಮೆರಿಕದ ನೌಕಾಪಡೆಗಳ ನಡುವೆ ಸಣ್ಣ ಪ್ರಮಾಣದಲ್ಲಿ ಆರಂಭವಾಯಿತು. 1998ರ ಪೋಖ್ರಾನ್ ಪರಮಾಣು ಪರೀಕ್ಷೆಯ ಬಳಿಕ ನಿಂತುಹೋಗಿ, 2002ರಲ್ಲಿ ಮತ್ತೆ ಶುರುವಾಯಿತು. 2007ರ ಸೆಪ್ಟೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ನಡೆದ ಅಭ್ಯಾಸಕ್ಕೆ ಜಪಾನ್, ಆಸ್ಟ್ರೇಲಿಯಾ ಮತ್ತು ಸಿಂಗಪುರವೂ ಸೇರಿದಾಗ ದೇಶದಲ್ಲಿ ದೊಡ್ಡ ಕೋಲಾಹಲವೇ ಆಯಿತು. ಅಂದಿನ ಯುಪಿಎ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ನೀಡುತ್ತಿದ್ದ ಎಡಪಕ್ಷಗಳು ಕೋಲ್ಕತ್ತ ಮತ್ತು ಚೆನ್ನೈಗಳಿಂದ ವಿಶಾಖಪಟ್ಟಣದತ್ತ ಜಾಥಾ ಹೊರಡಿಸಿದವು. ಚೀನಾ ಅದಕ್ಕೂ ಮೊದಲೇ ಭಾರತ, ಅಮೆರಿಕ, ಜಪಾನ್ ಮತ್ತು ಆಸ್ಟ್ರೇಲಿಯಾಗಳಿಂದ ವಿವರಣೆ ಕೇಳಿತ್ತು. ಮರುವರ್ಷ ಆಸ್ಟ್ರೇಲಿಯಾ ನಾಲ್ಕು ದೇಶಗಳ ಕೂಟದಿಂದ ಹಿಂದೆ ಸರಿಯಿತು. ಜಪಾನ್ 2015ರಲ್ಲಿ ಮಲಬಾರ್‌ನ ಕಾಯಂ ಸದಸ್ಯನಾಯಿತು. ಆಸ್ಟ್ರೇಲಿಯಾ ಮರಳಿ ಬರಲು 2020ರವರೆಗೆ ಕಾಯಬೇಕಾಯಿತು. ರಾಜಧಾನಿಗಳಲ್ಲಿ ಗಾಳಿ ಬೀಸಿದ ಕಡೆಗೆ ಸಮರಾಭ್ಯಾಸ ವಾಲುತ್ತದೆ ಎಂಬುದಕ್ಕೆ ಈ ಇತಿಹಾಸವೇ ಸಾಕ್ಷಿ.

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಧಾರೆಯೂ ಹರಿದಿದೆ. 1995ರಲ್ಲಿ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿ (2024ರಿಂದ ಶ್ರೀ ವಿಜಯಪುರಂ) ಇಂಡೋನೇಷ್ಯಾ, ಸಿಂಗಪುರ, ಶ್ರೀಲಂಕಾ ಮತ್ತು ಥಾಯ್ಲೆಂಡ್ ಎಂಬ ನಾಲ್ಕೇ ಅತಿಥಿ ನೌಕಾಪಡೆಗಳೊಂದಿಗೆ ‘ಮಿಲನ್’ ಆರಂಭವಾಯಿತು. 2024ರ ಫೆಬ್ರುವರಿಯಲ್ಲಿ ವಿಶಾಖಪಟ್ಟಣದಲ್ಲಿ ನಡೆದ ಮಿಲನ್‌ಗೆ ಸುಮಾರು ಐವತ್ತು ದೇಶಗಳು ಬಂದಿದ್ದವು. 2008ರಲ್ಲಿ ಭಾರತದ ಮುಂದಾಳತ್ವದಲ್ಲೇ ಹಿಂದೂ ಮಹಾಸಾಗರದ ನೌಕಾಪಡೆಗಳ ವಿಚಾರಗೋಷ್ಠಿಯೊಂದು ಹುಟ್ಟಿತು. ಯಾರ ವಿರುದ್ಧವೂ ಕೂಡಿಕೊಳ್ಳದ ಈ ವೇದಿಕೆಗಳಿಗೆ ಸಿಕ್ಕ ಪ್ರಚಾರ ಮಲಬಾರ್‌ಗೆ ಸಿಕ್ಕಿದ್ದರಲ್ಲಿ ಕಾಲು ಪಾಲೂ ಇಲ್ಲ. ಜಗಳವಿಲ್ಲದಲ್ಲಿ ಸುದ್ದಿಯಿಲ್ಲ ಎಂಬ ನಮ್ಮ ಕಾಲದ ನಿಯಮ ಕಡಲಿಗೂ ಅನ್ವಯಿಸುತ್ತದೆ.

ಹಾಗಾದರೆ ಈ ಅಭ್ಯಾಸಗಳಲ್ಲಿ ನಿಜವಾಗಿ ನಡೆಯುವುದೇನು? ಗುರಿಯಿಟ್ಟು ಗುಂಡು ಹಾರಿಸುವುದು, ಜಲಾಂತರ್ಗಾಮಿಯನ್ನು ಬೆನ್ನಟ್ಟುವುದು ಇದ್ದೇ ಇವೆ. ಆದರೆ ಹೆಚ್ಚಿನ ಹೊತ್ತು ಕಳೆಯುವುದು ನೋಡುಗರಿಗೆ ಸಪ್ಪೆ ಎನಿಸುವ ಕೆಲಸಗಳಲ್ಲಿ. ಒಂದು ದೇಶದ ಹೆಲಿಕಾಪ್ಟರ್ ಇನ್ನೊಂದು ದೇಶದ ಹಡಗಿನ ಮೇಲೆ ಇಳಿಯಬೇಕಾದರೆ ಆ ಹಡಗಿನ ಅಟ್ಟ ಎಷ್ಟು ತೂಕ ತಾಳುತ್ತದೆ, ಗಾಳಿಗೆ ಯಾವ ಕೋನದಲ್ಲಿ ನಿಲ್ಲುತ್ತದೆ, ಕೈಸನ್ನೆಗಳ ಅರ್ಥವೇನು ಎಂಬುದನ್ನು ಪೈಲಟ್ ಮೊದಲೇ ತಿಳಿದಿರಬೇಕು. ಎರಡು ಹಡಗುಗಳು ಕೆಲವೇ ಹತ್ತು ಮೀಟರ್ ಅಂತರದಲ್ಲಿ ಒಂದೇ ವೇಗದಲ್ಲಿ ಸಾಗುತ್ತ ಕೊಳವೆ ಹಾಯಿಸಿ ಇಂಧನ ಕೊಡುವಾಗ ಚುಕ್ಕಾಣಿ ಹಿಡಿದವನ ಒಂದು ತಪ್ಪಿಗೆ ಎರಡೂ ಹಡಗುಗಳು ಬೆಲೆ ತೆರುತ್ತವೆ. ಕಾಣೆಯಾದವರನ್ನು ಹುಡುಕುವಾಗ ಯಾವ ಹಡಗು ಯಾವ ಚೌಕವನ್ನು ಶೋಧಿಸಬೇಕೆಂಬ ಹಂಚಿಕೆ ಇಲ್ಲದಿದ್ದರೆ ಒಂದೇ ಜಾಗವನ್ನು ಮೂವರು ಹುಡುಕುತ್ತಾರೆ, ಪಕ್ಕದ ಜಾಗವನ್ನು ಯಾರೂ ಹುಡುಕುವುದಿಲ್ಲ. ಯಾವ ತರಂಗಾಂತರದಲ್ಲಿ ಮಾತನಾಡಬೇಕು, ಯಾರನ್ನು ಕರೆಯಬೇಕು, ಕರೆದಾಗ ಆ ಕಡೆ ಓಗೊಡುವವರು ಯಾರು ಎಂಬ ಪರಿಚಯವೇ ಇದರ ಗಟ್ಟಿ ಗಳಿಕೆ. ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂದು ನಾವು ಗೇಲಿ ಮಾಡುವುದುಂಟು. ಕಡಲಿನಲ್ಲಿ ಆ ಗೇಲಿಗೆ ಪ್ರಾಣದ ಬೆಲೆಯಿದೆ.

ಆ ಬೆಲೆ ಎಷ್ಟೆಂಬುದನ್ನು 2008ರ ನವೆಂಬರ್ ತಿಂಗಳು ನಮಗೆ ಎರಡು ಮೀನುಗಾರಿಕಾ ದೋಣಿಗಳ ಮೂಲಕ ತೋರಿಸಿಕೊಟ್ಟಿತು. ಸೊಮಾಲಿಯಾದ ಕಡಲ್ಗಳ್ಳರ ಹಾವಳಿ ತಡೆಯಲು ಏಡನ್ ಕೊಲ್ಲಿಯಲ್ಲಿ ಗಸ್ತು ತಿರುಗುತ್ತಿದ್ದ ನಮ್ಮ ಐಎನ್‌ಎಸ್ ತಬರ್ ನವೆಂಬರ್ 18ರಂದು ಹಡಗೊಂದನ್ನು ತಪಾಸಣೆಗಾಗಿ ನಿಲ್ಲಿಸಲು ಹೇಳಿತು. ಅತ್ತಲಿಂದ ಬೆದರಿಕೆ ಮತ್ತು ಗುಂಡು ಬಂದವು. ಆತ್ಮರಕ್ಷಣೆಗಾಗಿ ತಬರ್ ಪ್ರತಿದಾಳಿ ಮಾಡಿತು, ಆ ಹಡಗು ಹೊತ್ತಿ ಉರಿದು ಮುಳುಗಿತು. ಕಡಲ್ಗಳ್ಳರ ‘ತಾಯಿ ಹಡಗ’ನ್ನೇ ಮುಳುಗಿಸಿದೆವೆಂದು ದೇಶ ಸಂಭ್ರಮಿಸಿತು. ಕೆಲವೇ ದಿನಗಳಲ್ಲಿ ತಿಳಿದುಬಂದ ಸಂಗತಿ ಬೇರೆಯೇ ಆಗಿತ್ತು. ಅದು ‘ಏಕಾವತ್ ನಾವಾ 5’ ಎಂಬ ಥಾಯ್ಲೆಂಡಿನ ಮೀನುಗಾರಿಕಾ ಹಡಗು. ಕಡಲ್ಗಳ್ಳರು ಅದನ್ನು ಆಗಷ್ಟೇ ವಶಪಡಿಸಿಕೊಂಡಿದ್ದರು, ಒತ್ತೆಯಾಳುಗಳಾದ ಮೀನುಗಾರರು ಒಳಗೇ ಇದ್ದರು. ಜೀವಂತ ಸಿಕ್ಕವನು ಕಂಬೋಡಿಯಾದ ಒಬ್ಬ ನಾವಿಕ ಮಾತ್ರ. ದಿನಗಟ್ಟಲೆ ನೀರಿನಲ್ಲಿ ತೇಲುತ್ತಿದ್ದ ಅವನನ್ನು ದಾರಿಯಲ್ಲಿ ಹೋಗುತ್ತಿದ್ದ ಹಡಗೊಂದು ಎತ್ತಿಕೊಂಡಿತು.

ಗುಂಡು ಬಂದಾಗ ತಬರ್ ಸುಮ್ಮನಿರಬೇಕಿತ್ತೆಂದು ಯಾರೂ ಹೇಳಲಾರರು. ಮನಸ್ಸಿಗೆ ಚುಚ್ಚುವುದು ಮತ್ತೊಂದು ವಿಷಯ. ಹಡಗು ಅಪಹರಣವಾದ ಸುದ್ದಿ ಕ್ವಾಲಾಲಂಪುರದ ಕಡಲ್ಗಳ್ಳತನ ವರದಿ ಕೇಂದ್ರಕ್ಕೆ ಬಂದಿತ್ತು. ಅಲ್ಲಿಂದ ಆ ಭಾಗದಲ್ಲಿದ್ದ ಬಹುರಾಷ್ಟ್ರೀಯ ಪಡೆಗೂ ಹೋಗಿತ್ತು. ಆದರೆ ಸ್ವತಂತ್ರವಾಗಿ ಗಸ್ತು ತಿರುಗುತ್ತಿದ್ದ ಭಾರತೀಯ ನೌಕೆಯೊಂದಿಗೆ ನೇರ ಸಂಪರ್ಕದ ಕೊಂಡಿ ಇರಲಿಲ್ಲವೆಂದು ಆ ಕೇಂದ್ರದವರು ಅಂದು ಹೇಳಿದ್ದರು. ಹಡಗಿತ್ತು, ಫಿರಂಗಿಯಿತ್ತು, ಧೈರ್ಯವೂ ಇತ್ತು. ಸುದ್ದಿಯೊಂದು ಇರಲಿಲ್ಲ.

ಇದಾಗಿ ಎಂಟೇ ದಿನಗಳಲ್ಲಿ ಮುಂಬೈ ಮೇಲೆ ಉಗ್ರರ ದಾಳಿ ನಡೆಯಿತು. ಕರಾಚಿಯಿಂದ ಹೊರಟವರು ಪೋರಬಂದರಿನ ‘ಕುಬೇರ್’ ಎಂಬ ಮೀನುಗಾರಿಕಾ ದೋಣಿಯನ್ನು ಕಡಲಿನಲ್ಲೇ ಹಿಡಿದು, ಅದರಲ್ಲಿದ್ದವರನ್ನು ಕೊಂದು, ಸಾವಿರಾರು ದೋಣಿಗಳ ನಡುವೆ ಒಂದಾಗಿ ಮುಂಬೈ ಸಮೀಪಕ್ಕೆ ಬಂದರು. ಯಾರೂ ತಡೆಯಲಿಲ್ಲ. ಒಂದು ವಾರದಲ್ಲಿ ಬಲಿಪಶುವಿನ ದೋಣಿ ಶತ್ರುವಿನದಾಗಿ ಕಂಡಿತು, ಮರುವಾರ ಶತ್ರುವಿನ ಕೈಯಲ್ಲಿದ್ದ ದೋಣಿ ಬಡ ಮೀನುಗಾರನದಾಗಿ ಕಂಡಿತು. ಎರಡೂ ಸೋಲುಗಳ ಮೂಲ ಒಂದೇ: ಸಮುದ್ರದ ಮೇಲೆ ಎದುರಿಗಿರುವುದು ಯಾವ ಹಡಗು, ಅದರೊಳಗೆ ಯಾರಿದ್ದಾರೆ ಎಂಬ ತಿಳಿವಳಿಕೆಯ ಕೊರತೆ. ಇದನ್ನು ತುಂಬುವುದಕ್ಕೆ ಹೆಚ್ಚು ಯುದ್ಧನೌಕೆಗಳನ್ನು ಕಟ್ಟಿದರಷ್ಟೇ ಸಾಲದು.

ಮೂರು ವರ್ಷಗಳ ಬಳಿಕ ಇದೇ ಪಾಠ ಇನ್ನೊಂದು ರೂಪದಲ್ಲಿ ಬಂತು. ಭಾರತ, ಪಾಕಿಸ್ತಾನ, ಈಜಿಪ್ಟ್ ಮತ್ತು ಶ್ರೀಲಂಕಾದ ನಾವಿಕರಿದ್ದ ‘ಸೂಯೆಜ್’ ಎಂಬ ಹಡಗು ಕಡಲ್ಗಳ್ಳರಿಂದ ಬಿಡುಗಡೆಯಾಗಿ ಬರುತ್ತಿತ್ತು. 2011ರ ಜೂನ್‌ನಲ್ಲಿ ಅದರ ರಕ್ಷಣೆಯ ಸಂದರ್ಭದಲ್ಲೇ ಭಾರತದ ಐಎನ್‌ಎಸ್ ಗೋದಾವರಿ ಮತ್ತು ಪಾಕಿಸ್ತಾನದ ಪಿಎನ್‌ಎಸ್ ಬಾಬರ್ ಪರಸ್ಪರ ಉಜ್ಜಿಕೊಂಡವು. ಎರಡೂ ಸರ್ಕಾರಗಳು ಒಬ್ಬರ ಮೇಲೊಬ್ಬರು ದೂರಿಕೊಂಡವು. ಮುಕ್ತ ಸಾಗರದಲ್ಲಿ ಪರಸ್ಪರರ ಯುದ್ಧನೌಕೆಗಳು ಮೂರು ನಾಟಿಕಲ್ ಮೈಲಿಗಿಂತ ಹತ್ತಿರ ಬರಬಾರದೆಂದು 1991ರಲ್ಲೇ ಉಭಯ ದೇಶಗಳು ಒಪ್ಪಂದ ಮಾಡಿಕೊಂಡಿದ್ದವು. ಕಾಗದದ ಮೇಲೆ ನಿಯಮವಿತ್ತು, ಮಾತನಾಡುವ ರೂಢಿಯಿರಲಿಲ್ಲ. ಒಂದೇ ಹಡಗಿನ ನಾವಿಕರನ್ನು ಕಾಪಾಡಲು ಹೋದವರು ತಾವೇ ಡಿಕ್ಕಿಯಾದರು ಎಂಬುದಕ್ಕಿಂತ ವಿಪರ್ಯಾಸ ಇನ್ನೇನಿದೆ?

ಶತ್ರುಗಳ ನಡುವೆ ಇಂಥ ರೂಢಿ ಬೆಳೆಯುವುದೇ ಇಲ್ಲವೆಂದು ಹೇಳುವಂತಿಲ್ಲ. ಶೀತಲ ಸಮರದ ನಟ್ಟನಡುವೆ, 1972ರ ಮೇ ತಿಂಗಳಲ್ಲಿ, ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಸಮುದ್ರದಲ್ಲಿ ಅವಘಡಗಳನ್ನು ತಪ್ಪಿಸುವ ಒಪ್ಪಂದಕ್ಕೆ ಮಾಸ್ಕೋದಲ್ಲಿ ಸಹಿ ಹಾಕಿದವು. 2005ರ ಜೂನ್‌ನಲ್ಲಿ ಮುಳುಗಿದ ಜಲಾಂತರ್ಗಾಮಿಗಳಿಂದ ಜನರನ್ನು ರಕ್ಷಿಸುವ ನ್ಯಾಟೊ ಅಭ್ಯಾಸದಲ್ಲಿ ರಷ್ಯಾ ಮೊದಲ ಬಾರಿಗೆ ಪಾಲ್ಗೊಂಡಿತು. ಎರಡೇ ತಿಂಗಳಲ್ಲಿ ಕಮ್ಚಟ್ಕಾ ಬಳಿ ರಷ್ಯಾದ ಪುಟ್ಟ ಜಲಾಂತರ್ಗಾಮಿಯೊಂದು ಬಲೆ ಮತ್ತು ಕೇಬಲ್‌ಗಳಿಗೆ ಸಿಕ್ಕಿಹಾಕಿಕೊಂಡಾಗ ಬ್ರಿಟಿಷ್ ತಂಡ ವಿಮಾನದಲ್ಲಿ ಯಂತ್ರ ತಂದು ತೊಡಕು ಕತ್ತರಿಸಿತು. ಏಳೂ ಮಂದಿ ಜೀವಂತವಾಗಿ ಮೇಲೆ ಬಂದರು. ಐದು ವರ್ಷಗಳ ಹಿಂದೆ ‘ಕುರ್ಸ್ಕ್’ ದುರಂತದಲ್ಲಿ, ಹೊರಗಿನ ನೆರವನ್ನು ಒಪ್ಪಿಕೊಳ್ಳಲು ಮೀನಮೇಷ ಎಣಿಸಿದ ರಷ್ಯಾ 118 ನಾವಿಕರನ್ನು ಕಳೆದುಕೊಂಡಿತ್ತು. ನೆರವು ಬೇಗ ಬಂದಿದ್ದರೆ ಅವರೆಲ್ಲ ಉಳಿಯುತ್ತಿದ್ದರೆಂದು ಯಾರೂ ಖಚಿತವಾಗಿ ಹೇಳಲಾಗದು. ಆದರೆ 2005ರಲ್ಲಿ ಯಾರನ್ನು ಕರೆಯಬೇಕೆಂಬುದು ರಷ್ಯಾಕ್ಕೆ ತಿಳಿದಿತ್ತು, ಕರೆಯಲು ಅದು ಹಿಂಜರಿಯಲೂ ಇಲ್ಲ.

ಭಾರತವೂ ಕಲಿತಿದೆ ಎಂಬುದು ಸಮಾಧಾನದ ಸಂಗತಿ. 2012ರಿಂದ ಏಡನ್ ಕೊಲ್ಲಿಯಲ್ಲಿ ವ್ಯಾಪಾರಿ ಹಡಗುಗಳಿಗೆ ಬೆಂಗಾವಲು ನೀಡುವ ವೇಳಾಪಟ್ಟಿಯನ್ನು ಭಾರತ, ಚೀನಾ ಮತ್ತು ಜಪಾನ್ ಹೊಂದಿಸಿಕೊಂಡವು. 2017ರ ಏಪ್ರಿಲ್‌ನಲ್ಲಿ ‘ಓಎಸ್ 35’ ಎಂಬ ಹಡಗಿನ ಮೇಲೆ ಕಡಲ್ಗಳ್ಳರು ದಾಳಿ ಮಾಡಿದಾಗ ಚೀನಾದ ಯೋಧರು ಹಡಗನ್ನು ಹತ್ತಿದರು, ಭಾರತದ ಹೆಲಿಕಾಪ್ಟರ್ ಮೇಲಿನಿಂದ ಕಾವಲು ಕಾಯಿತು ಎಂದು ನಮ್ಮ ನೌಕಾಪಡೆ ತಿಳಿಸಿತ್ತು. ಎರಡು ತಿಂಗಳ ಬಳಿಕ ಡೋಕ್ಲಾಂನಲ್ಲಿ ಇದೇ ಎರಡು ದೇಶಗಳ ಸೈನಿಕರು ಎದೆಗೆ ಎದೆ ಕೊಟ್ಟು ನಿಂತರು. 2018ರ ಡಿಸೆಂಬರ್‌ನಲ್ಲಿ ಗುರುಗ್ರಾಮದಲ್ಲಿ ಹಿಂದೂ ಮಹಾಸಾಗರ ವಲಯದ ಮಾಹಿತಿ ಕೇಂದ್ರ ಆರಂಭವಾಯಿತು. ಹತ್ತಕ್ಕೂ ಹೆಚ್ಚು ದೇಶಗಳ ಅಧಿಕಾರಿಗಳು ಅಲ್ಲಿ ಒಂದೇ ಸೂರಿನಡಿ ಕುಳಿತು ವ್ಯಾಪಾರಿ ಹಡಗುಗಳ ಚಲನವಲನ ಗಮನಿಸಿದ್ದಾರೆ. 2023ರ ನವೆಂಬರ್‌ನಲ್ಲಿ ಬಹರೈನ್ ಕೇಂದ್ರಿತ ಸಂಯುಕ್ತ ಕಡಲ ಪಡೆಗಳ ಪೂರ್ಣ ಸದಸ್ಯತ್ವವನ್ನು ಭಾರತ ಪಡೆಯಿತು. ಪಾಕಿಸ್ತಾನ ಅದರಲ್ಲಿ ಮೊದಲಿನಿಂದಲೇ ಇತ್ತು.

ಇದರ ಫಲ ಕಂಡದ್ದು 2024ರ ಜನವರಿಯಲ್ಲಿ. ‘ಲೀಲಾ ನಾರ್‌ಫೋಕ್’ ಎಂಬ ಹಡಗು ಸೊಮಾಲಿಯಾ ಕಡೆಯ ಅರಬ್ಬಿ ಸಮುದ್ರದಲ್ಲಿ ತನ್ನೊಳಗೆ ಶಸ್ತ್ರಧಾರಿಗಳು ನುಗ್ಗಿದ್ದಾರೆಂದು ಬ್ರಿಟನ್ನಿನ ಕಡಲ ವ್ಯಾಪಾರ ಸಹಾಯ ಕೇಂದ್ರಕ್ಕೆ ಸಂದೇಶ ಕಳಿಸಿತು. ಆ ಸಂದೇಶದ ಬೆನ್ನಿಗೇ ನಮ್ಮ ವಿಮಾನ ಮೇಲೆ ಹಾರಿತು, ಮರುದಿನವೇ ಐಎನ್‌ಎಸ್ ಚೆನ್ನೈ ಅಲ್ಲಿಗೆ ಮುಟ್ಟಿತು. ಹಡಗಿನ ಭದ್ರ ಕೋಣೆಯಲ್ಲಿ ಅಡಗಿದ್ದ 21 ಮಂದಿಯೂ ಸುರಕ್ಷಿತವಾಗಿ ಹೊರಬಂದರು, ಅವರಲ್ಲಿ 15 ಮಂದಿ ಭಾರತೀಯರು. ಅದೇ ತಿಂಗಳ ಕೊನೆಯಲ್ಲಿ ಐಎನ್‌ಎಸ್ ಸುಮಿತ್ರಾ ಇರಾನಿನ ಎರಡು ಮೀನುಗಾರಿಕಾ ಹಡಗುಗಳನ್ನು ಒಂದರ ಹಿಂದೊಂದು ಕಡಲ್ಗಳ್ಳರಿಂದ ಬಿಡಿಸಿತು. ಎರಡನೆಯದಾದ ‘ಅಲ್ ನಈಮಿ’ಯಲ್ಲಿದ್ದ 19 ಮಂದಿಯೂ ಪಾಕಿಸ್ತಾನದ ಮೀನುಗಾರರು. 2008ರಲ್ಲಿ ಕಳ್ಳರ ಕೈಗೆ ಸಿಕ್ಕ ಮೀನುಗಾರಿಕಾ ಹಡಗು ಮುಳುಗಿತು, 2024ರಲ್ಲಿ ಅಂಥದ್ದೇ ಹಡಗಿನಿಂದ ಎಲ್ಲರೂ ಮನೆಗೆ ಮರಳಿದರು. ಈ ನಡುವೆ ನಮ್ಮ ಹಡಗುಗಳು ಉತ್ತಮವಾಗಿವೆ, ನಿಜ. ಅದಕ್ಕಿಂತ ಹೆಚ್ಚಾಗಿ, ಒಳಗೆ ಒತ್ತೆಯಾಳುಗಳಿದ್ದಾರೆಂಬ ಸುದ್ದಿ ಮೊದಲೇ ಕೈಸೇರುತ್ತಿದೆ.

ಇಲ್ಲಿ ಎರಡು ಆಕ್ಷೇಪಗಳನ್ನು ಎದುರಿಸಲೇಬೇಕು. ಮೊದಲನೆಯದು, ಸಹಕಾರದ ಹೆಸರಿನಲ್ಲಿ ನಾವು ಇನ್ನೊಬ್ಬರ ಸೈನಿಕ ಕೂಟಕ್ಕೆ ಜಾರುತ್ತಿದ್ದೇವೆ ಎಂಬುದು. 2007ರ ಆ ಆತಂಕ ಬುಡವಿಲ್ಲದ್ದೇನಲ್ಲ. ಜಲಾಂತರ್ಗಾಮಿ ಬೇಟೆಯನ್ನು ಅಭ್ಯಸಿಸುವ ಮಲಬಾರ್ ಬರೀ ಪ್ರವಾಹ ಪರಿಹಾರದ ತಾಲೀಮು ಎಂದು ಸರ್ಕಾರಗಳು ಹೇಳಿದರೆ ಅದನ್ನು ನಂಬುವವರು ಯಾರು? ಅದು ಬಲದ ಸಮತೋಲನಕ್ಕಾಗಿ ನಡೆಯುವ ಅಭ್ಯಾಸ. ಹಾಗೆಂದೇ ಒಪ್ಪಿಕೊಂಡು ಚರ್ಚಿಸುವುದು ಪ್ರಾಮಾಣಿಕತೆ. ಆದರೆ ಕೂಡಿ ಕಲಿಯುವುದು ಬೇರೆ, ಇನ್ನೊಬ್ಬರ ಅಪ್ಪಣೆಗೆ ಒಳಪಡುವುದು ಬೇರೆ. 2023ರ ಡಿಸೆಂಬರ್‌ನಲ್ಲಿ ಕೆಂಪು ಸಮುದ್ರದ ರಕ್ಷಣೆಗೆ ಅಮೆರಿಕ ಕಟ್ಟಿದ ಪಡೆಗೆ ಭಾರತ ಸೇರಲಿಲ್ಲ. ಆದರೆ ಸ್ವಂತ ನಿರ್ಧಾರದಿಂದ ಹತ್ತಕ್ಕೂ ಹೆಚ್ಚು ನೌಕೆಗಳನ್ನು ಆ ನೀರಿಗೆ ಕಳಿಸಿತು, ಸುದ್ದಿಯ ಕೊಂಡಿಯನ್ನೂ ಕಳಚಲಿಲ್ಲ. ನನಗೆ ಸರಿಯೆನಿಸುವುದು ಇದೇ ದಾರಿ.

ಎರಡನೆಯದು ಖರ್ಚಿನ ಮಾತು. ಯುದ್ಧನೌಕೆಯೊಂದು ದಿನವಿಡೀ ಸುಡುವ ಇಂಧನ ಅಗ್ಗದ್ದಲ್ಲ. ಎಷ್ಟು ದೇಶಗಳು ಬಂದವು, ಎಷ್ಟು ಹಡಗು ಸೇರಿದವು ಎಂಬ ಅಂಕಿಗಳನ್ನು ಮಾತ್ರ ಪ್ರಕಟಿಸಿ ಕೈತೊಳೆದುಕೊಳ್ಳುವ ಪದ್ಧತಿ ಈ ಆಕ್ಷೇಪಕ್ಕೆ ಉತ್ತರವಲ್ಲ. ಆಪತ್ತಿನ ಕರೆ ಎಷ್ಟು ನಿಮಿಷದಲ್ಲಿ ಎಲ್ಲ ಹಡಗುಗಳಿಗೂ ಮುಟ್ಟಿತು, ಎಲ್ಲಿ ತೊಡಕಾಯಿತು, ಮುಂದಿನ ಸಲ ಏನು ಬದಲಾಗಬೇಕು ಎಂಬುದನ್ನು ಗುಟ್ಟು ಬಿಡದಷ್ಟು ಮಟ್ಟಿಗೆ ಜನರ ಮುಂದಿಡಬೇಕು. ತೆರಿಗೆ ಕಟ್ಟುವವರಿಗೆ ಆ ಹಕ್ಕಿದೆ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಕಡಲ ಸಹಕಾರದ ಈ ಜಾಲದಲ್ಲಿ ದೊಡ್ಡ ಹಡಗುಗಳಿಗೆ ಜಾಗವಿದೆ, ಸಣ್ಣ ದೋಣಿಗಳಿಗೆ ಇನ್ನೂ ಸಾಕಷ್ಟಿಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಕರಾವಳಿಯ ಕುಟುಂಬಗಳು ತಿಂಗಳುಗಟ್ಟಲೆ ದಡದಲ್ಲಿ ಕಾದವು. ಮಹಾರಾಷ್ಟ್ರದ ಮಾಲ್ವಣ್ ಬಳಿಯ ಕಡಲ ತಳದಲ್ಲಿ ಅದರ ಅವಶೇಷವನ್ನು ನೌಕಾಪಡೆ ಪತ್ತೆಹಚ್ಚಿದ್ದು 2019ರ ಮೇ ತಿಂಗಳಲ್ಲಿ. ಸಾವಿರಾರು ಮೈಲಿ ದೂರದ ವಿದೇಶಿ ಹಡಗು ಎಲ್ಲಿದೆಯೆಂದು ಗುರುಗ್ರಾಮದ ಪರದೆಯಲ್ಲಿ ಕಾಣುವ ದೇಶದಲ್ಲಿ ನಮ್ಮದೇ ದಡದ ದೋಣಿಯ ಸುಳಿವಿಗೆ ಐದು ತಿಂಗಳು ಬೇಕಾಯಿತು. ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಉಪಗ್ರಹ ಆಧಾರಿತ ಟ್ರಾನ್ಸ್‌ಪಾಂಡರ್ ಅಳವಡಿಸುವ ಯೋಜನೆ 2024ರ ಆಗಸ್ಟ್‌ನಲ್ಲಿ ಚಾಲನೆ ಪಡೆಯಿತು. ಅದು ಪೂರ್ತಿಯಾಗುವುದು ಯಾವ ಸಮರಾಭ್ಯಾಸಕ್ಕಿಂತಲೂ ಕಡಿಮೆ ಮಹತ್ವದ್ದಲ್ಲ. ಬಹುರಾಷ್ಟ್ರೀಯ ಅಭ್ಯಾಸಗಳಲ್ಲೂ ಕಳ್ಳರ ವಶದಲ್ಲಿರುವ ಮೀನುಗಾರಿಕಾ ದೋಣಿಯನ್ನು ಗುರುತಿಸುವ ಪಾಠ ಕಡ್ಡಾಯವಾಗಬೇಕು.

2025ರ ಏಪ್ರಿಲ್ 5ರಂದು ನಮ್ಮ ಕಾರವಾರದಿಂದ ಐಎನ್‌ಎಸ್ ಸುನಯನಾ ಹಿಂದೂ ಮಹಾಸಾಗರದ ಯಾನಕ್ಕೆ ಹೊರಟಿತು. ಭಾರತೀಯರ ಜೊತೆಗೆ ಕೊಮೊರೊಸ್, ಕೀನ್ಯಾ, ಮಡಗಾಸ್ಕರ್, ಮಾಲ್ಡೀವ್ಸ್, ಮಾರಿಷಸ್, ಮೊಜಾಂಬಿಕ್, ಸೇಶೆಲ್ಸ್, ಶ್ರೀಲಂಕಾ ಸೇರಿದಂತೆ ಒಂಬತ್ತು ದೇಶಗಳ 44 ಮಂದಿ ಅದರಲ್ಲಿದ್ದರು. ಒಂದೇ ಹಡಗಿನಲ್ಲಿ ಉಂಡು, ಕಾವಲು ಹಂಚಿಕೊಂಡು, ಒಬ್ಬರ ಸಮುದ್ರವನ್ನು ಇನ್ನೊಬ್ಬರು ನೋಡಿ ಬಂದರು. ಇದರಲ್ಲಿ ವಿಮಾನವಾಹಕ ನೌಕೆಯ ವೈಭವವಿರಲಿಲ್ಲ, ಆದ್ದರಿಂದ ಹೆಚ್ಚು ಸದ್ದೂ ಆಗಲಿಲ್ಲ. ಆದರೆ ನಾಳೆ ಮಡಗಾಸ್ಕರ್ ಬಳಿ ಯಾವುದೋ ಹಡಗಿನಿಂದ ಆರ್ತನಾದ ಕೇಳಿಬಂದಾಗ ಅಲ್ಲಿನ ಅಧಿಕಾರಿಗೆ ಕರೆ ಮಾಡಲು ಒಂದು ಪರಿಚಿತ ಹೆಸರಿರುತ್ತದೆ. ಆ ಆಪತ್ತಿನ ಹಡಗಿನಲ್ಲಿ ಉಡುಪಿಯ, ರತ್ನಾಗಿರಿಯ, ಕೊಲ್ಲಂನ ಹುಡುಗನೊಬ್ಬ ದುಡಿಯುತ್ತಿರಬಹುದು. ಅಂಥವನಿಗೆ ಬೇಕಾದದ್ದು ಸಾಲುಗಟ್ಟಿದ ಹಡಗುಗಳ ಚಿತ್ರವಲ್ಲ, ತನ್ನ ಕರೆಗೆ ಯಾರಾದರೂ ಓಗೊಡುತ್ತಾರೆಂಬ ಭರವಸೆ. ಮುಂದಿನ ಮಲಬಾರನ್ನೂ ಮಿಲನ್ನನ್ನೂ ನಾವು ಅಳೆಯಬೇಕಾದದ್ದು ಈ ಅಳತೆಗೋಲಿನಿಂದಲೇ.